ಲ್ಯಾಬ್ ಇಲ್ಲದ ಶಾಲೆಯಲ್ಲಿ ಮಕ್ಕಳ ಕೈಯಿಂದ ಪ್ರಯೋಗ ಮಾಡಿಸುವುದು ಹೇಗೆ?

ನಮಸ್ಕಾರ. ಹಳ್ಳಿ ಶಾಲೆಗೆ ಹೊಸದಾಗಿ ಬಂದಿದ್ದೇನೆ, ಲ್ಯಾಬ್ ಇಲ್ಲ, ಕ್ಲಾಸಿನಲ್ಲಿ ನಲವತ್ತು ಮಕ್ಕಳಿದ್ದಾರೆ, ಏನು ಮಾಡಲಿ ಎಂದು ಕೇಳಿದ್ದೀರಿ. ನಾನೂ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಟೀಚರ್. ಲ್ಯಾಬ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಈ ವಯಸ್ಸಿನ ಮಕ್ಕಳಿಗೆ ಬೇಕಾದ ಸಾಮಾನು ಅಡುಗೆಮನೆಯಲ್ಲಿ, ಸೈಕಲ್ ಅಂಗಡಿಯಲ್ಲಿ ಸಿಗುತ್ತದೆ. ನಿಜವಾಗಿ ಕಷ್ಟವಾದದ್ದು ಉತ್ತರವನ್ನು ಮೊದಲೇ ಹೇಳಿಬಿಡದೆ ಇರುವುದು. ಮಕ್ಕಳು ಮೊದಲು ಊಹಿಸಲಿ, ಊಹೆಯನ್ನು ನೋಟ್‌ಬುಕ್ಕಿನಲ್ಲಿ ಬರೆಯಲಿ, ಆಮೇಲೆ ಮಾಡಿ ನೋಡಲಿ. ಟೀಚರ್ ಮುಂದೆ ನಿಂತು ಮಾಡಿ ತೋರಿಸಿದರೆ ಮಕ್ಕಳು ಚಪ್ಪಾಳೆ ತಟ್ಟುತ್ತಾರೆ, ಅಷ್ಟೇ.

ಹೆಸರುಕಾಳಿನಿಂದ ಶುರು ಮಾಡಿ. "ಬೆಳಕು ಇಲ್ಲದಿದ್ದರೆ ಕಾಳು ಮೊಳಕೆ ಬರುತ್ತಾ?" ಎಂದು ಕೇಳಿ. ತುಂಬಾ ಮಕ್ಕಳು ಇಲ್ಲ ಎನ್ನುತ್ತಾರೆ. ಮನೆಯಲ್ಲಿ ಅಮ್ಮ ಕಾಳನ್ನು ಬಟ್ಟೆಯಲ್ಲಿ ಗಂಟು ಕಟ್ಟಿ, ಪಾತ್ರೆ ಮುಚ್ಚಿಯೇ ಮೊಳಕೆ ಬರಿಸುವುದನ್ನು ನೋಡಿದ್ದರೂ ಹಾಗೇ ಹೇಳುತ್ತಾರೆ! ಶಾಲೆಯ ವಿಜ್ಞಾನ ಬೇರೆ, ಮನೆಯದು ಬೇರೆ ಎಂದು ಅಷ್ಟು ಬೇಗ ಕಲಿತುಬಿಟ್ಟಿರುತ್ತಾರೆ. ನೆನೆಸಿದ ಕಾಳನ್ನು ಒದ್ದೆ ಹತ್ತಿಯ ಮೇಲೆ ಹಾಕಿ ಒಂದು ತಟ್ಟೆ ಕಿಟಕಿ ಹತ್ತಿರ, ಇನ್ನೊಂದು ಬೀರುವಿನೊಳಗೆ ಇಡಿಸಿ. ಎರಡೂ ಮೊಳೆಯುತ್ತವೆ. ಕೆಲವು ದಿನಕ್ಕೆ ಬೀರುವಿನೊಳಗಿನ ಸಸಿಗಳೇ ಜಾಸ್ತಿ ಉದ್ದ ಬೆಳೆದಿರುತ್ತವೆ, ಆದರೆ ಹಳದಿ ಬಣ್ಣ, ಸಣಕಲು. ಆಗ ಗಲಾಟೆ ಶುರುವಾಗುತ್ತದೆ. ಗಲಾಟೆ ಆಗಲಿ ಬಿಡಿ. ನೆನೆದ ಒಂದು ಕಾಳನ್ನು ಬಿಡಿಸಿ ಒಳಗಿನ ಎರಡು ಬೇಳೆ ತೋರಿಸಿ. ಮೊಳಕೆಗೆ ಮೊದಲ ದಿನಗಳ ಊಟ ಅಲ್ಲೇ ಇದೆ. ಅದು ಮುಗಿಯುವ ಹೊತ್ತಿಗೆ ಹಸಿರು ಎಲೆ ಬರಬೇಕು, ಅದಕ್ಕೆ ಬೆಳಕು ಬೇಕು. ಹಳದಿ ಸಸಿಗಳನ್ನು ಕಿಟಕಿಗೆ ತಂದಿಟ್ಟರೆ ಹಸಿರಾಗುವುದನ್ನೂ ಮಕ್ಕಳೇ ನೋಡುತ್ತಾರೆ.

ಆರು, ಏಳನೇ ಕ್ಲಾಸಿಗಾದರೆ ಮೇಣದ ಬತ್ತಿಯದು ಮಾಡಿಸಿ. ತಟ್ಟೆಯಲ್ಲಿ ನೀರು, ನಡುವೆ ಉರಿಯುವ ಬತ್ತಿ, ಮೇಲೆ ಗಾಜಿನ ಲೋಟ. ಬತ್ತಿ ಆರಿ ನೀರು ಮೇಲೇರುತ್ತದೆ. ಆಮ್ಲಜನಕ ಖಾಲಿಯಾಯಿತು, ಆ ಜಾಗಕ್ಕೆ ನೀರು ಬಂತು ಎಂದು ಎಷ್ಟೋ ಕಡೆ ಹೇಳಿಕೊಡುತ್ತಾರೆ. ಅದು ಸರಿಯಲ್ಲ. ಅದೇ ಲೋಟದಡಿ ಮೂರು ಬತ್ತಿ ಹಚ್ಚಿ ನೋಡಿ, ನೀರು ಇನ್ನೂ ಮೇಲೇರುತ್ತದೆ. ಲೋಟದಲ್ಲಿದ್ದ ಆಮ್ಲಜನಕ ಅಷ್ಟೇ ಅಲ್ವಾ? ಜಾಸ್ತಿಯಾದದ್ದು ಬಿಸಿ. ಬಿಸಿ ಗಾಳಿ ಹಿಗ್ಗಿರುತ್ತದೆ, ಬತ್ತಿ ಆರಿದ ಮೇಲೆ ತಣ್ಣಗಾಗಿ ಕುಗ್ಗುತ್ತದೆ, ಹೊರಗಿನ ಗಾಳಿ ನೀರನ್ನು ಒಳಗೆ ತಳ್ಳುತ್ತದೆ. ನೀರು ಜೋರಾಗಿ ಏರುವುದು ಬತ್ತಿ ಆರಿದ ಮೇಲೆಯೇ ಎಂಬುದನ್ನು ಗಮನಿಸಲು ಹೇಳಿ. ಬೆಂಕಿಯ ಕೆಲಸ, ಪಕ್ಕದಲ್ಲಿ ಒಂದು ಬಕೆಟ್ ನೀರು ಇರಲಿ. ಉದ್ದ ಕೂದಲಿನವರು ಜಡೆ ಹಿಂದಕ್ಕೆ ಕಟ್ಟಿಕೊಳ್ಳಲಿ.

ಹಳ್ಳಿ ಶಾಲೆಯಲ್ಲಿ ಇದೆಲ್ಲ ನಡೆಯುವುದಿಲ್ಲ ಎಂದು ಯಾರಾದರೂ ಹೇಳಿದರೆ ಮಧ್ಯಪ್ರದೇಶದ ಹೋಶಂಗಾಬಾದ್ ವಿಜ್ಞಾನ ಕಾರ್ಯಕ್ರಮದ ಬಗ್ಗೆ ಹೇಳಿ. 1972ರಲ್ಲಿ 16 ಶಾಲೆಗಳಲ್ಲಿ ಶುರುವಾಯಿತು, ಮೂವತ್ತು ವರ್ಷ ನಡೆಯಿತು. ಮಕ್ಕಳು ಗುಂಪುಗಳಲ್ಲಿ ಕೂತು ತಾವೇ ಪ್ರಯೋಗ ಮಾಡುತ್ತಿದ್ದರು. ಪರೀಕ್ಷೆಗೆ ಪುಸ್ತಕ ನೋಡಿಕೊಂಡೇ ಬರೆಯಬಹುದಿತ್ತು, ಯಾಕೆಂದರೆ ಪ್ರಶ್ನೆಗಳು ಬಾಯಿಪಾಠದವಾಗಿರಲಿಲ್ಲ. 2002ರಲ್ಲಿ ಸರ್ಕಾರ ಅದನ್ನು ನಿಲ್ಲಿಸಿದ್ದು ನನಗೆ ಇವತ್ತಿಗೂ ಬೇಜಾರಿನ ವಿಷಯ. ಕಸದಿಂದ ಆಟಿಕೆ ಮಾಡಿ ವಿಜ್ಞಾನ ಕಲಿಸುವ ಅರವಿಂದ ಗುಪ್ತ ಅವರು ಬೆಂಕಿಕಡ್ಡಿಗಳನ್ನು ಸೈಕಲ್ ವಾಲ್ ಟ್ಯೂಬಿನ (ಸಣ್ಣ ರಬ್ಬರ್ ಕೊಳವೆ) ತುಂಡುಗಳಿಂದ ಜೋಡಿಸಿ ಆಕಾರ ಮಾಡಿಸಲು ಶುರು ಮಾಡಿದ್ದೂ ಆ ಕಾರ್ಯಕ್ರಮದಲ್ಲೇ. ಚೌಕ ಒತ್ತಿದರೆ ವಾಲುತ್ತದೆ, ತ್ರಿಕೋನ ಅಲುಗುವುದಿಲ್ಲ. ಅದನ್ನು ಕೈಯಲ್ಲಿ ಒತ್ತಿ ನೋಡಿದ ಮಗು ಸೇತುವೆಯಲ್ಲಿ, ಶೀಟಿನ ಮನೆಯ ಮಾಡಿನಲ್ಲಿ ತ್ರಿಕೋನ ಹುಡುಕುತ್ತದೆ.

ನಲವತ್ತು ಮಕ್ಕಳೆಂದರೆ ನಾಲ್ಕು ನಾಲ್ಕು ಜನರ ಹತ್ತು ಗುಂಪು. ಪ್ರತಿ ಗುಂಪಿಗೂ ಸಾಮಾನು ಬೇಕೇ ಬೇಕು, ಇಲ್ಲದಿದ್ದರೆ ಚುರುಕಾದ ಇಬ್ಬರು ಮಾಡುತ್ತಾರೆ, ಉಳಿದವರು ಸುಮ್ನೆ ನೋಡುತ್ತಾರೆ. ಪೋರ್ಷನ್ ಮುಗಿಯುವುದಿಲ್ಲ ಎಂಬ ಭಯವಿದ್ದರೆ ಹದಿನೈದು ದಿನಕ್ಕೊಂದು ಪ್ರಯೋಗ ಸಾಕು. ಕಾಳಿನ ಪ್ರಯೋಗಕ್ಕೆ ದಿನಕ್ಕೆ ಐದು ನಿಮಿಷ ನೋಡಿ ಬರೆಯುವ ಸಮಯ ಕೊಟ್ಟರಾಯಿತು. ಭಾನುವಾರ ರಾತ್ರಿ ಒಂದು ಹಿಡಿ ಹೆಸರುಕಾಳು ನೆನೆಹಾಕಿ, ಸೋಮವಾರ ಕ್ಲಾಸಿಗೆ ತೆಗೆದುಕೊಂಡು ಹೋಗಿ.