ಹೆಲ್ಮೆಟ್ ಕೊಟ್ಟ ಮೇಲೂ ಉಳಿಯುವ ಕೆಲಸ

ಪತ್ರದ ಸಾರ: ತುಮಕೂರಿನ ಕಟ್ಟಡ ಗುತ್ತಿಗೆದಾರರೊಬ್ಬರು, ಕಾರ್ಮಿಕರ ಸುರಕ್ಷತೆಯ ಕುರಿತು ನಾವು ಪ್ರಕಟಿಸಿದ ಲೇಖನವನ್ನು ಆಕ್ಷೇಪಿಸಿ ಬರೆದಿದ್ದಾರೆ. ತಮ್ಮಲ್ಲಿರುವ ಇಪ್ಪತ್ತೆರಡು ಆಳುಗಳಿಗೂ ಹೆಲ್ಮೆಟ್ ಕೊಡಿಸಿ, ಒಂದು ದಿನ ಕೆಲಸ ನಿಲ್ಲಿಸಿ ತರಬೇತಿ ಮಾಡಿಸಿದರೂ ವಾರ ಕಳೆಯುವುದರೊಳಗೆ ಹೆಲ್ಮೆಟ್ಟುಗಳು ಸಿಮೆಂಟ್ ಶೆಡ್ಡಿನ ಮೂಲೆ ಸೇರಿದವಂತೆ. ಆಳುಗಳ ಉಡಾಫೆಗೆ ಗುತ್ತಿಗೆದಾರರನ್ನು ದೂರುವುದು ನ್ಯಾಯವೇ ಎಂಬುದು ಅವರ ಪ್ರಶ್ನೆ.

ಸಂಪಾದಕರ ಉತ್ತರ:

ಮಾನ್ಯರೇ, ಕೈಯಿಂದ ಹಣ ಹಾಕಿ ಹೆಲ್ಮೆಟ್ ತಂದು, ತರಬೇತಿಯ ದಿನದ ಕೂಲಿಯನ್ನೂ ಕೊಟ್ಟ ನಿಮ್ಮ ಬೇಸರ ನಮಗೆ ಅರ್ಥವಾಗುತ್ತದೆ. ಆದರೆ ‘ಉಡಾಫೆ’ ಎಂಬ ಮಾತನ್ನು ಒಪ್ಪುವುದು ಕಷ್ಟ.

ನಮ್ಮ ಕಚೇರಿಯ ಪಕ್ಕದ ನಿವೇಶನದಲ್ಲಿ ಹಿಂದೊಮ್ಮೆ ಮನೆ ಕಟ್ಟುತ್ತಿದ್ದಾಗ ಕಂಡ ಒಂದು ದೃಶ್ಯವನ್ನು ಹೇಳುತ್ತೇನೆ. ಎಂಜಿನಿಯರ್ ಬರುವ ಹೊತ್ತಾಯಿತೆಂದು ಮೇಸ್ತ್ರಿ ಎಲ್ಲರಿಗೂ ಹೆಲ್ಮೆಟ್ ಹಾಕಿಸಿದ್ದ. ಕಾಂಕ್ರೀಟ್ ಹೊರುತ್ತಿದ್ದ ಹೆಂಗಸೊಬ್ಬಳು ಹೆಲ್ಮೆಟ್ಟಿನ ಮೇಲೆಯೇ ಸಿಂಬೆಯಿಟ್ಟು ಬಾಣಲಿ ಎತ್ತಿಸಿಕೊಂಡಳು. ಆ ನುಣುಪು ಗುಮ್ಮಟದ ಮೇಲೆ ಸಿಂಬೆ ನಿಲ್ಲಬೇಕಲ್ಲ. ಮೂರು ಮೆಟ್ಟಿಲು ಹತ್ತುವಷ್ಟರಲ್ಲಿ ಬಾಣಲಿ ವಾಲಿ ಕಾಂಕ್ರೀಟ್ ಅವಳ ಹೆಗಲ ಮೇಲೆ ಸುರಿಯಿತು. ಅವಳು ಹೆಲ್ಮೆಟ್ ತೆಗೆದು ಗೋಡೆಯ ಮೇಲಿಟ್ಟು ಮತ್ತೆ ಕೆಲಸಕ್ಕೆ ಹೋದಳು. ಅವಳ ತಲೆಯನ್ನು ನಿಜವಾಗಿ ಉಳಿಸಬೇಕಿದ್ದರೆ ಬಾಣಲಿಯ ಬದಲು ಹೊರೆಯನ್ನು ಮೇಲಕ್ಕೆತ್ತುವ ಯಂತ್ರವಾದ ಹಾಯ್ಸ್ಟ್ ತರಿಸಬೇಕಿತ್ತು, ಇಲ್ಲವೇ ಮೇಲೆ ಕೆಲಸ ನಡೆಯುವಾಗ ಅದರ ಕೆಳಗೆ ಯಾರೂ ಓಡಾಡದಂತೆ ದಾರಿಯನ್ನೇ ಬೇರೆ ಮಾಡಬೇಕಿತ್ತು. ಈ ಎರಡನ್ನೂ ಮಾಡಬೇಕಾದವನು ಕೆಲಸ ಮಾಡಿಸುವವನೇ ಹೊರತು ಅವಳಲ್ಲ.

ಸುರಕ್ಷತೆಯಲ್ಲಿ ಹೆಲ್ಮೆಟ್ಟಿನ ಸರದಿ ಕೊನೆಯದು. ಮೊದಲು ಅಪಾಯವನ್ನೇ ತೆಗೆಯಬೇಕು, ತೆಗೆಯಲಾಗದಿದ್ದರೆ ಅದಕ್ಕೂ ಮನುಷ್ಯನಿಗೂ ನಡುವೆ ಅಡ್ಡ ಕಟ್ಟಬೇಕು. ಅದಾದ ಮೇಲೂ ಉಳಿಯುವ ಅಪಾಯಕ್ಕೆ ಹೆಲ್ಮೆಟ್ಟು, ಬೆಲ್ಟು. ನಮ್ಮಲ್ಲಿ ಆರಂಭವಾಗುವುದೇ ಕೊನೆಯಿಂದ, ಏಕೆಂದರೆ ಅದು ಅಗ್ಗ, ಫೋಟೋದಲ್ಲಿಯೂ ಚೆನ್ನಾಗಿ ಕಾಣುತ್ತದೆ. ಸಾರವೆಯ ಮೇಲಿನ ಗಾರೆಯವನಿಗೆ ಬೆಲ್ಟ್ ಕೊಡುತ್ತೇವೆ. ಅದರ ಕೊಕ್ಕೆಯನ್ನು ಸಿಕ್ಕಿಸಲು ಅವನಿಗೆ ಸಿಗುವುದು ತೆಂಗಿನ ಹಗ್ಗದಲ್ಲಿ ಬಿಗಿದ ಸರ್ವೆ ಕಂಬ. ಅದನ್ನು ನಂಬುವುದಕ್ಕಿಂತ ತನ್ನ ಕಾಲನ್ನು ನಂಬುವುದೇ ಮೇಲೆಂದು ಅವನು ತೀರ್ಮಾನಿಸಿದರೆ ಅದು ಅನುಭವಸ್ಥನ ಲೆಕ್ಕಾಚಾರ.

ಸೆಂಟ್ರಿಂಗ್, ಅಂದರೆ ಕಾಂಕ್ರೀಟ್ ಗಟ್ಟಿಯಾಗುವವರೆಗೆ ಅದನ್ನು ಹೊರುವ ಹಲಗೆ ಮತ್ತು ಊರುಗೋಲುಗಳನ್ನು ಬಿಚ್ಚುವ ವಿಷಯವೂ ಇದೇ. ನಾಲ್ಕೂವರೆ ಮೀಟರಿಗಿಂತ ಅಗಲವಾದ ಸ್ಲ್ಯಾಬಿನ ಊರುಗೋಲುಗಳನ್ನು ಸಾಮಾನ್ಯ ಸಿಮೆಂಟಿನಲ್ಲಿ 14 ದಿನಗಳವರೆಗೆ, ಆರು ಮೀಟರ್ ದಾಟಿದ ತೊಲೆಯದಾದರೆ 21 ದಿನಗಳವರೆಗೆ ತೆಗೆಯಬಾರದೆಂದು ಭಾರತೀಯ ಮಾನಕವೇ ಹೇಳುತ್ತದೆ. ಬಾಡಿಗೆಯ ಊರುಗೋಲುಗಳು ಇನ್ನೊಂದು ಸೈಟಿಗೆ ಹೋಗಬೇಕೆಂದು ಮೊದಲೇ ಬಿಚ್ಚಿಸುವ ತೀರ್ಮಾನ ಆಳುಗಳದ್ದಲ್ಲ. 2023ರ ಜನವರಿ 10ರಂದು ಬೆಂಗಳೂರಿನ ನಾಗವಾರದ ಬಳಿ ಮೆಟ್ರೊ ಕಂಬಕ್ಕಾಗಿ ನಿಲ್ಲಿಸಿದ್ದ ಕಬ್ಬಿಣದ ಚೌಕಟ್ಟು ರಸ್ತೆಗೆ ಉರುಳಿ, ಬೈಕಿನಲ್ಲಿ ಹೋಗುತ್ತಿದ್ದ ತಾಯಿ ಮತ್ತು ಮಗು ಸತ್ತರು. ಅಲ್ಲಿ ಯಾರ ಉಡಾಫೆಯನ್ನು ದೂರೋಣ?

ಹಾಗೆಂದು ತರಬೇತಿ ವ್ಯರ್ಥವೆಂದು ನಾವು ಹೇಳುತ್ತಿಲ್ಲ. ಶಾಮಿಯಾನ ಹಾಕಿ, ಬ್ಯಾನರ್ ಕಟ್ಟಿ, ಒಂದೇ ದಿನದಲ್ಲಿ ಎಲ್ಲವನ್ನೂ ಹೇಳಿ ಮುಗಿಸುವ ಬದಲು, ಬೆಳಿಗ್ಗೆ ಕೆಲಸಕ್ಕೆ ಇಳಿಯುವ ಮುನ್ನ ಕೆಲಸದ ಜಾಗದಲ್ಲೇ ನಿಂತು ಹತ್ತು ನಿಮಿಷ ಮಾತನಾಡಿ: ಇಂದು ಯಾವ ಗೋಡೆ ಹಸಿಯಾಗಿದೆ, ಲಿಫ್ಟ್ ಗುಂಡಿಯ ಬಾಯಿಗೆ ಹಲಗೆ ಹೊದಿಸಿದೆಯೇ, ಯಾವ ವೈರಿನ ಸಿಪ್ಪೆ ಸುಲಿದಿದೆ. ಯಾದಗಿರಿಯಿಂದ ಬಂದವರಿಗೆ ಕನ್ನಡದಲ್ಲಿ, ಬಿಹಾರದಿಂದ ಬಂದವರಿಗೆ ಹಿಂದಿಯಲ್ಲಿ ಅವರವರ ಪೈಕಿಯೇ ಒಬ್ಬರು ಹೇಳಲಿ. ‘ಇಲ್ಲಿ ಇಳಿಯುವುದಿಲ್ಲ ಸ್ವಾಮಿ’ ಎಂದವನ ಅಂದಿನ ಕೂಲಿಯನ್ನು ಮಾತ್ರ ಕಡಿಯಬೇಡಿ; ಒಮ್ಮೆ ಕಡಿದರೆ ನಾಳೆಯಿಂದ ನಿಮಗೆ ಯಾರೂ ಏನನ್ನೂ ಹೇಳುವುದಿಲ್ಲ.

ಕಾನೂನಿನ ಮಾತು ಚಿಕ್ಕದು. ಹತ್ತು ಮಂದಿಗಿಂತ ಕಡಿಮೆಯಿಲ್ಲದ ಕಡೆ ಅನ್ವಯಿಸುವಂತೆ 1996ರಲ್ಲಿ ಬಂದ ಕಟ್ಟಡ ಕಾರ್ಮಿಕರ ಕಾಯ್ದೆಯನ್ನು ತನ್ನೊಳಗೆ ಸೇರಿಸಿಕೊಂಡ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯೂ, ಕೆಲಸದ ಜಾಗವನ್ನು ಅಪಾಯರಹಿತವಾಗಿಡುವ ಹೊಣೆಯನ್ನು ಕೆಲಸ ಕೊಡುವವನಿಗೇ ವಹಿಸಿದೆ. ಕಾರ್ಮಿಕ ಸಹಕರಿಸಬೇಕೆಂಬುದೂ ಅದರಲ್ಲಿದೆ, ಆದರೆ ಅದು ಆ ಹೊಣೆಯ ಬದಲಿಯಲ್ಲ.

ಪತ್ರದ ಕೊನೆಯಲ್ಲಿ, ಈಗ ಎಂಟು ಅಡಿ ಆಳದ ಸಂಪು ತೆಗೆಸುತ್ತಿರುವುದಾಗಿ ಬರೆದಿದ್ದೀರಿ. ಒಂದೂವರೆ ಮೀಟರ್, ಅಂದರೆ ಸುಮಾರು ಐದಡಿ ದಾಟಿದ ಗುಂಡಿಯ ಪಕ್ಕಗಳಿಗೆ ಹಲಗೆಯ ಆಧಾರ ಬೇಕು, ಇಲ್ಲವೇ ಪಕ್ಕಗಳನ್ನು ಇಳಿಜಾರಾಗಿ ಕಡಿಯಬೇಕು. ಅಗೆದ ಮಣ್ಣನ್ನು ಅಂಚಿನಿಂದ ಐದಡಿಯಾದರೂ ದೂರ ಹಾಕಬೇಕು. ಒಂದು ಘನ ಮೀಟರ್ ಹಸಿ ಮಣ್ಣು ಒಂದೂವರೆ ಟನ್ನಿಗಿಂತ ಹೆಚ್ಚು ತೂಗುತ್ತದೆ, ಅದರಡಿಯಲ್ಲಿ ಹೆಲ್ಮೆಟ್ ಇದ್ದರೂ ಇಲ್ಲದಿದ್ದರೂ ಒಂದೇ. ಈ ಸಂಚಿಕೆ ನಿಮ್ಮ ಕೈಸೇರುವ ಹೊತ್ತಿಗೆ ಮಣ್ಣು ಇನ್ನೂ ಅಂಚಿನಲ್ಲೇ ಇದ್ದರೆ, ಆಳುಗಳನ್ನು ಮೇಲಕ್ಕೆ ಕರೆದು ಮೊದಲು ಅದನ್ನು ತೆಗೆಸಿ.