ಹಿತ್ತಲು ಕುಸಿದರೆ ಇನ್ಶೂರೆನ್ಸ್ ಬರುತ್ತದಾ?

ಶಹಾಬಾದಿನ ಓದುಗರೊಬ್ಬರ ಪತ್ರ: "ಮೊನ್ನೆಯ ಮಳೆಗೆ ನಮ್ಮ ಹಿತ್ತಲಲ್ಲಿ ರಾತ್ರೋರಾತ್ರಿ ಗುಂಡಿ ಬಿದ್ದಿದೆ. ಅಡುಗೆಮನೆ ಗೋಡೆ ಬಿರುಕು ಬಿಟ್ಟಿದೆ. ಸಾಲ ಕೊಡುವಾಗ ಬ್ಯಾಂಕಿನವರು ಇನ್ಶೂರೆನ್ಸ್ ಮಾಡಿಸಿದ್ದರು. ದುಡ್ಡು ಬರುತ್ತದಾ? ಗುಂಡಿಗೆ ಮುರುಮ್ ಹಾಕಿ ಮುಚ್ಚಿಬಿಡಲಾ?"

ಸಂಪಾದಕರ ಉತ್ತರ:

ಈಗಲೇ ಮುಚ್ಚಬೇಡಿ. ಮೊದಲು ಫೋಟೊ ತೆಗೆಯಿರಿ, ಕಂಪನಿಗೆ ತಿಳಿಸಿ. ನಷ್ಟ ಅಳೆಯಲು ಕಂಪನಿ ಕಳಿಸುವ ಸರ್ವೇಯರ್ ಬಂದು ನೋಡಲಿ. ಅಲ್ಲಿಯವರೆಗೆ ಸುತ್ತ ಹಗ್ಗ ಕಟ್ಟಿ, ಬಚ್ಚಲು ನೀರು ಅತ್ತ ಹರಿಯದ ಹಾಗೆ ತಿರುಗಿಸಿ.

ಇನ್ನು ದುಡ್ಡಿನ ಮಾತು. ನಿಮ್ಮ ಪಾಲಿಸಿಯ ಹೆಸರು ನೋಡಿ. 2021ರ ಏಪ್ರಿಲ್ 1ರಿಂದ ಬಂದಿರುವ 'ಭಾರತ್ ಗೃಹ ರಕ್ಷಾ' ಆಗಿದ್ದರೆ ಬೆಂಕಿ, ನೆರೆ, ಭೂಕಂಪದ ಜೊತೆಗೆ ಮನೆ ನಿಂತ ನೆಲ ಕುಸಿಯುವುದೂ ಅದರಲ್ಲೇ ಸೇರಿದೆ. ಅಮೆರಿಕದ ಫ್ಲೋರಿಡಾದಲ್ಲಿ ಇಂಥ ದಿಢೀರ್ ಗುಂಡಿಯ, ಅಂದರೆ ಸಿಂಕ್‌ಹೋಲ್‌ನ ಪೂರ್ತಿ ರಕ್ಷಣೆಗೆ ಸಾಮಾನ್ಯವಾಗಿ ಬೇರೆ ಪ್ರೀಮಿಯಂ ಕಟ್ಟಬೇಕು. ಈ ಒಂದು ವಿಷಯದಲ್ಲಿ ನಮ್ಮದೇ ವಾಸಿ.

ಆದರೆ ಪರಿಹಾರ ಸಿಗುವುದು ಕಟ್ಟಡಕ್ಕೆ. ನೆಲದ ಬೆಲೆ ಲೆಕ್ಕಕ್ಕಿಲ್ಲ. ಹಾಗಾಗಿ ನಿಮ್ಮ ಕೇಸಿನಲ್ಲಿ ಗುಂಡಿಗಿಂತ ಗೋಡೆಯ ಬಿರುಕೇ ಮುಖ್ಯ.

ತಕರಾರು ಏಳುವುದು ಕಾರಣದ ಮೇಲೆ. ಹೊಸ ಕಟ್ಟಡ ತಾನಾಗೇ ಸ್ವಲ್ಪ ಕೂತರೆ ಕೊಡುವುದಿಲ್ಲ. ಕೆಲಸ ಕಳಪೆಯಾಗಿದ್ದರೆ ಇಲ್ಲ. ಅಗೆತದಿಂದ ಜರುಗಿದರೂ ಇಲ್ಲ. ಮಣ್ಣು ತುಂಬಿಸಿ ಮಾಡಿದ ನೆಲ ಕುಸಿದರೂ ಇಲ್ಲ. ಫರ್ಸಿ ಕಲ್ಲಿನ (ನೆಲಕ್ಕೆ ಹಾಸುವ ಸುಣ್ಣಕಲ್ಲು) ನಿಮ್ಮೂರಲ್ಲಿ ಈ ಕೊನೆಯದಕ್ಕೇ ನಾನು ಜಾಸ್ತಿ ಹೆದರುತ್ತೇನೆ. ಕಲ್ಲು ತೆಗೆದು ಬಿಟ್ಟ ಹಳೆ ಗಣಿಗೆ ಸಿಕ್ಕಿದ್ದೆಲ್ಲ ಸುರಿದು ಪ್ಲಾಟ್ ಮಾಡಿದ್ದರೆ, ನಾಲ್ಕು ಮಳೆಗೆ ಅದು ಕೂರಲೇಬೇಕಲ್ವಾ? ಗಣಿ ಇಲ್ಲದ ಕಡೆಯೂ ಸುಣ್ಣಕಲ್ಲು ಮಳೆನೀರಿಗೆ ಮೆಲ್ಲಗೆ ಕರಗುತ್ತದೆ. ವರ್ಷಗಟ್ಟಲೆ ಸಂದು ಅಗಲವಾಗುತ್ತ ಹೋಗಿ, ಮೇಲಿನ ಮಣ್ಣು ಒಂದು ದಿನ ಒಳಗೆ ಜಾರುತ್ತದೆ. ಮೇಲಿಂದ ನೋಡಿದರೆ ಎರಡೂ ಒಂದೇ ಥರದ ಗುಂಡಿ. ಪಾಲಿಸಿಯ ಕಣ್ಣಿಗೆ ಮಾತ್ರ ಬೇರೆ ಬೇರೆ.

ಅದಕ್ಕೇ ಸರ್ವೇಯರ್ ಬರುವ ಮೊದಲು ಓಣಿಯ ಹಿರಿಯರನ್ನು ಕೇಳಿ, ಅಲ್ಲಿ ಮುಂಚೆ ಏನಿತ್ತು ಅಂತ. ಗುಂಡಿಯ ಬದಿಯನ್ನು ದೂರದಿಂದಲೇ ನೋಡಿ. ಮಣ್ಣಿನ ನಡುವೆ ಇಟ್ಟಿಗೆ ಚೂರು, ಒಡೆದ ಫರ್ಸಿ, ಪ್ಲಾಸ್ಟಿಕ್ ಚೀಲ ಇಣುಕುತ್ತಿದ್ದರೆ ಅದು ತುಂಬಿಸಿದ ನೆಲವೇ. ಹಾಗೆ ಕಾಣದಿದ್ದರೆ ಸಿವಿಲ್ ಎಂಜಿನಿಯರ್ ಒಬ್ಬರಿಂದ ಕಾರಣ ಬರೆಸಿಕೊಳ್ಳಿ. "ನೆಲ ಕುಸಿದಿದೆ" ಅಂತ ಸುಮ್ನೆ ಬರೆದರೆ ಸಾಲದು, ಯಾಕೆ ಕುಸಿಯಿತು ಅಂತ ಇರಬೇಕು.

ಬ್ಯಾಂಕ್ ಮಾಡಿಸಿದ ಪಾಲಿಸಿ ಕೆಲವೊಮ್ಮೆ ಸಾಲದ ಮೊತ್ತಕ್ಕಷ್ಟೇ ಇರುತ್ತದೆ. ಪ್ರತಿ ತರಿಸಿಕೊಂಡು ನೋಡಿ. ಕ್ಲೇಮ್ ತಳ್ಳಿಹಾಕಿದರೆ ಮೊದಲು ಕಂಪನಿಗೇ ಲಿಖಿತ ದೂರು ಕೊಡಿ. ಒಂದು ತಿಂಗಳಾದರೂ ಉತ್ತರ ಬರದಿದ್ದರೆ, ಇಲ್ಲವೇ ಉತ್ತರ ಒಪ್ಪಿಗೆಯಾಗದಿದ್ದರೆ, ಗ್ರಾಹಕರ ದೂರು ವಿಚಾರಿಸುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ಬರೆಯಿರಿ. ಅಲ್ಲಿ ಫೀಸೂ ಇಲ್ಲ, ವಕೀಲರೂ ಬೇಕಿಲ್ಲ.