ನಿಮ್ಮ ರಾಕ್ಷಸರು ಮಳೆಗಾಲದಲ್ಲಿ ಏನು ಉಣ್ಣುತ್ತಾರೆ?

ಪ್ರಶ್ನೆ: ಫ್ಯಾಂಟಸಿ ಕಾದಂಬರಿ ಬರೆಯುತ್ತಿದ್ದೇನೆ. ಲೋಕ ಕಲ್ಪನೆಯದು, ಆದರೆ ನಮ್ಮ ಘಟ್ಟ, ಹೊಳೆ, ಕಡಲು ನೋಡಿಯೇ ಕಟ್ಟಿದ್ದು. ನಾಲ್ಕು ಕುಲಗಳಿವೆ. ಕಾಡಿನವರು ಒಳ್ಳೆಯವರು, ಕಡಲಿನವರು ದುರಾಸೆಯವರು, ಘಟ್ಟದ ಮೇಲಿನವರು ಜಾಣರು, ಗುಹೆಯ ರಾಕ್ಷಸರು ಕ್ರೂರಿಗಳು. ಓದಿದ ಗೆಳತಿ ‘ಒಬ್ಬರಿಗೂ ಜೀವ ಇಲ್ಲ’ ಎಂದಳು. ಕಾಡಿನವರಿಗೆ ನಮ್ಮ ಉತ್ತರ ಕನ್ನಡದ ಹಾಲಕ್ಕಿ, ಸಿದ್ದಿ ಸಮುದಾಯದ ಜನರ ಉಡುಗೆ, ಹಾಡು ಕೊಟ್ಟರೆ ಸರಿಹೋಗುತ್ತಾ? (ಶಿರಸಿಯ ಓದುಗರು)

ಉತ್ತರ: ನಿಮ್ಮ ಗೆಳತಿ ಹೇಳಿದ್ದು ಸರಿ. ಉಡುಗೆ ಬದಲಿಸಿದರೆ ಇದು ಸರಿಹೋಗುವುದಿಲ್ಲ. ನೀವು ಇಡೀ ಕುಲಕ್ಕೆ ಒಂದೊಂದು ಗುಣ ಕೊಟ್ಟಿದ್ದೀರಿ. ಗುಣ ಇರುವುದು ಒಬ್ಬೊಬ್ಬ ಮನುಷ್ಯನಿಗೆ. ಕುಲಕ್ಕೆ ಇರುವುದು ನೆಲ, ಕೆಲಸ, ಊಟ, ಹಳೆಯ ನೆನಪು ಮತ್ತು ತಮ್ಮತಮ್ಮೊಳಗಿನ ಜಗಳ. ಅಲ್ಲಿಂದ ಶುರು ಮಾಡಿ.

ಶಿರಸಿಯಿಂದ ಘಟ್ಟ ಇಳಿದು ಕುಮಟಾ ಕಡೆ ಹೋದರೆ ಅಘನಾಶಿನಿಯ ಗಜನಿ ಗದ್ದೆಗಳು ಸಿಗುತ್ತವೆ. ಹೊಳೆಯ ಸಿಹಿನೀರು, ಕಡಲಿನ ಉಪ್ಪುನೀರು ಎರಡೂ ಬಂದು ಸೇರುವ ಜಾಗ. ಅಲ್ಲಿ ಬೆಳೆಯುವುದು ಕಗ್ಗ ಭತ್ತ. ಉಪ್ಪನ್ನೂ ತಾಳಿಕೊಳ್ಳುತ್ತದೆ, ನೆರೆಯನ್ನೂ ತಾಳಿಕೊಳ್ಳುತ್ತದೆ. ಭತ್ತ ಕೊಯ್ದ ಮೇಲೆ ಅದೇ ಗದ್ದೆಗೆ ಉಪ್ಪುನೀರು ಬಿಟ್ಟು ಮೀನು, ಸಿಗಡಿ ಹಿಡಿಯುತ್ತಾರೆ. ಇಷ್ಟಕ್ಕೂ ಆಧಾರ ಗದ್ದೆಯ ಸುತ್ತಲಿನ ಕಟ್ಟೆ. ಕಟ್ಟೆ ಒಂದು ಕಡೆ ಒಡೆದರೂ ಉಪ್ಪುನೀರು ಎಲ್ಲರ ಗದ್ದೆಗೂ ನುಗ್ಗುತ್ತದೆ.

ಇಂಥ ನೆಲದಲ್ಲಿ ನಿಮ್ಮದೊಂದು ಕುಲವನ್ನು ಇಟ್ಟು ನೋಡಿ. ಕಟ್ಟೆಗೆ ತೂತು ಮಾಡುವುದು ಅವರಲ್ಲಿ ಕೊಲೆಗಿಂತ ದೊಡ್ಡ ಅಪರಾಧ ಆಗಬಹುದು. ಗದ್ದೆ ಇಲ್ಲದವನೂ ಕಟ್ಟೆಗೆ ಮಣ್ಣು ಹೊರಲೇಬೇಕು ಎಂಬ ಕಟ್ಟಳೆ ಇರಬಹುದು. ನೀರಿನ ಬಾಗಿಲು ಕಾಯುವ ಮುದುಕಿಯ ಮಾತಿಗೆ ರಾಜನ ಮಾತಿಗಿಂತ ತೂಕ ಜಾಸ್ತಿ ಇರಬಹುದು. ಮದುವೆ ಗೊತ್ತು ಮಾಡುವಾಗಲೂ ಅಮಾವಾಸ್ಯೆ, ಹುಣ್ಣಿಮೆಯ ಉಬ್ಬರ ನೋಡುತ್ತಾರೆ, ಯಾಕೆಂದರೆ ಆ ದಿನ ಗಂಡಸರೆಲ್ಲ ಕಟ್ಟೆ ಮೇಲೆ ಇರಬೇಕು. ಜಗಳವೂ ಅಲ್ಲೇ ಹುಟ್ಟುತ್ತದೆ. ಭತ್ತದವರಿಗೆ ಬಾಗಿಲು ಮುಚ್ಚಿರಬೇಕು, ಮೀನಿನವರಿಗೆ ಬೇಗ ತೆಗೆಯಬೇಕು. ನಿಜದ ಗಜನಿಯಲ್ಲೂ ಸಿಗಡಿ ಸಾಕಣೆ ಬಂದ ಮೇಲೆ ಎಷ್ಟೋ ಕಡೆ ಕಗ್ಗ ಬಿಟ್ಟುಹೋಗಿದೆ. ಇವರನ್ನು ‘ಒಳ್ಳೆಯವರು’ ಅಥವಾ ‘ಕೆಟ್ಟವರು’ ಎಂದು ನೀವು ಹೇಳಬೇಕಾಗಿಯೇ ಇಲ್ಲ.

ಈಗ ನಿಮ್ಮ ದುರಾಸೆಯ ಕಡಲಿನವರನ್ನು ನೋಡೋಣ. ಕಾರವಾರದಿಂದ ಭಟ್ಕಳದವರೆಗೆ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ವರ್ಷದ ಊಟವನ್ನು ಹತ್ತು ತಿಂಗಳಲ್ಲಿ ದುಡಿಯಬೇಕು. ನಿಮ್ಮ ಲೋಕದಲ್ಲೂ ಕಡಲು ಹೀಗೆ ಮುಚ್ಚುತ್ತದೆ ಅಂದುಕೊಳ್ಳಿ. ಅವರು ಒಣಮೀನು, ಉಪ್ಪು ಕೂಡಿಡುತ್ತಾರೆ, ಸಾಲದ ಲೆಕ್ಕ ಮರೆಯುವುದಿಲ್ಲ. ವರ್ಷವಿಡೀ ಗೆಡ್ಡೆ, ಹಣ್ಣು, ಜೇನು ಸಿಗುವ ಕಾಡಿನವರ ಕಣ್ಣಿಗೆ ಅದು ದುರಾಸೆ. ಕಡಲಿನವರ ಕಣ್ಣಿಗೆ ಕಾಡಿನವರು ನಾಳೆಯ ಚಿಂತೆ ಇಲ್ಲದವರು. ಒಬ್ಬರ ಬಗ್ಗೆ ಇನ್ನೊಬ್ಬರು ಆಡುವ ಈ ಮಾತುಗಳನ್ನು ಪಾತ್ರಗಳ ಬಾಯಲ್ಲಿ ಇಡಿ. ಕಥೆ ಹೇಳುವ ನೀವೇ ಅದನ್ನು ಸತ್ಯ ಎಂದು ಬರೆಯಬೇಡಿ.

ಕುಲಗಳ ನಡುವೆ ಗೋಡೆಯೂ ಬೇಡ. ಉಪ್ಪು ಘಟ್ಟ ಹತ್ತಲಿ, ಕಾಳುಮೆಣಸು ಘಟ್ಟ ಇಳಿಯಲಿ. ಸಾಮಾನಿನ ಜೊತೆ ಮಾತು, ದೇವರು, ಅಡುಗೆ ಎಲ್ಲ ಓಡಾಡುತ್ತವೆ. ಭಟ್ಕಳದ ನವಾಯತ ಮುಸ್ಲಿಮರ ಮಾತು ಕೇಳಿದ್ದೀರಲ್ವಾ? ತಳ ಕೊಂಕಣಿಯದು, ಮೇಲೆ ಅರಬ್ಬಿ, ಪಾರ್ಸಿ ಪದಗಳು, ಬರೆಯುವುದು ಉರ್ದು ಬರೆಯುವ ಲಿಪಿಯಲ್ಲಿ. ಕಡಲ ವ್ಯಾಪಾರದ ಇತಿಹಾಸ ಅಷ್ಟೂ ಆ ಮಾತಿನಲ್ಲಿದೆ.

ಇನ್ನು ಹಾಲಕ್ಕಿ, ಸಿದ್ದಿ ಜನರ ವಿಷಯ. ಇಲ್ಲಿ ನಾನು ಖಡಾಖಂಡಿತವಾಗಿ ಹೇಳುತ್ತೇನೆ: ಬೇಡ. ಸಿದ್ದಿಗಳ ಪೂರ್ವಜರು ಆಫ್ರಿಕಾದವರು. ಬಹಳಷ್ಟು ಜನರನ್ನು ಪೋರ್ಚುಗೀಸರು ಗುಲಾಮರಾಗಿ ಗೋವಾಕ್ಕೆ ತಂದರು, ಅಲ್ಲಿಂದ ತಪ್ಪಿಸಿಕೊಂಡವರು ನಮ್ಮ ಕಾಡು ಸೇರಿದರು. ಇವತ್ತು ಯಲ್ಲಾಪುರ, ಹಳಿಯಾಳ, ಅಂಕೋಲಾ ಕಡೆ ಇರುವ ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ‘ಕಾಡಿನ ಮುಗ್ಧ ಜನ’ ಎಂಬ ಪೆಟ್ಟಿಗೆಯಲ್ಲಿ ಇದರಲ್ಲಿ ಯಾವುದು ಹಿಡಿಸುತ್ತದೆ? ಹಾಲಕ್ಕಿ ಹೆಂಗಸರ ಮಣಿಸರ, ಸುಗ್ಗಿ ಕುಣಿತ ನೋಡಲು ಚೆಂದ, ನಿಜ. ಆದರೆ ಅದು ಇವತ್ತು ಬದುಕಿರುವವರ ಮನೆಯ ಸೊತ್ತು. ಅಂಕೋಲೆಯ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂತಲ್ಲ, ಅದು ಅವರು ನೆನಪಿನಲ್ಲಿ ಕಾಪಾಡಿಕೊಂಡು ಬಂದ ಹಾಡುಗಳಿಗೆ. ಆ ಹಾಡನ್ನು ಕೊಂಬು, ಬಾಲ ಇರುವ ಜೀವಿಗಳ ಬಾಯಲ್ಲಿ ಇಟ್ಟರೆ, ಆ ಊರಿನ ಶಾಲೆಯ ಹುಡುಗಿ ಓದಿದಾಗ ಅವಳಿಗೆ ಹೇಗನಿಸುತ್ತದೆ ಎಂದು ಯೋಚಿಸಿ. ಅವರಿಂದ ಕಲಿಯಿರಿ: ಒಂದು ಹಾಡು ಯಾವ ಕೆಲಸಕ್ಕೆ, ಯಾವ ಹೊತ್ತಿಗೆ, ಯಾರು ಹಾಡುತ್ತಾರೆ ಎಂಬ ಕ್ರಮ ಗಮನಿಸಿ. ನಿಮ್ಮ ಕುಲದ ಹಾಡು ನೀವೇ ಕಟ್ಟಿ.

ಕೊನೆಗೆ ರಾಕ್ಷಸರು. ಯಕ್ಷಗಾನದ ಪ್ರಸಂಗವನ್ನು ಕೂತು ಹಾಡು, ಮಾತಿನಲ್ಲೇ ನಡೆಸುವ ತಾಳಮದ್ದಲೆಗೆ ಹೋಗಿ ಕೂತುಕೊಳ್ಳಿ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ರಾವಣನ ಅರ್ಥ ಹೇಳುವವರು, ಅಂದರೆ ಅವನ ಮಾತು ಆಡುವವರು, ರಾವಣನ ಪರವಾಗಿ ಪೂರ್ತಿ ಮನಸ್ಸಿಟ್ಟು ವಾದ ಮಾಡುತ್ತಾರೆ. ಕೇಳುತ್ತಾ ಕೂತವರು ಅವನ ಪಕ್ಷವನ್ನೂ ಒಪ್ಪಿ ತಲೆದೂಗುತ್ತಾರೆ. ನೀವೂ ನಿಮ್ಮ ರಾಕ್ಷಸರ ಹಿರಿಯಳೊಬ್ಬಳಿಗೆ ಹಾಗೇ ಅರ್ಥ ಹೇಳಿ. ಗುಹೆಗೆ ಯಾಕೆ ಬಂದೆವು, ಕೆಳಗಿನವರು ಯಾವ ಮಾತು ಮುರಿದರು, ಮಳೆಗಾಲದಲ್ಲಿ ಮಕ್ಕಳಿಗೆ ಏನು ಉಣಿಸಿದೆವು ಎಂದು ಅವಳು ಹೇಳಲಿ. ಈ ಪುಟಗಳು ಕಾದಂಬರಿಯಲ್ಲಿ ಬರದಿದ್ದರೂ ಪರವಾಗಿಲ್ಲ, ಬರೆಯಿರಿ.

ಪ್ರಶ್ನೆ: ಪ್ರತಿ ಕುಲಕ್ಕೂ ಬೇರೆ ಭಾಷೆ, ಲಿಪಿ ಕಟ್ಟಬೇಕಾ? (ಹೊನ್ನಾವರದ ಓದುಗರು)

ಉತ್ತರ: ಬೇಕಿಲ್ಲ. ಹೆಸರುಗಳಲ್ಲಿ ಒಂದು ಕ್ರಮ ಇದ್ದರೆ ಸಾಕು. ಒಂದು ಕುಲದವರು ಹೊಳೆಯ ಹೆಸರಿಡಲಿ, ಇನ್ನೊಂದು ಕುಲದವರು ಹುಟ್ಟಿದ ವಾರದ ಹೆಸರಿಡಲಿ. ಯಾರು ಯಾರನ್ನು ಏಕವಚನದಲ್ಲಿ ಕರೆಯುತ್ತಾರೆ, ಯಾರಿಗೆ ಬಹುವಚನ ಎಂಬುದನ್ನು ಮಾತ್ರ ಮೊದಲೇ ನಿರ್ಧರಿಸಿಕೊಳ್ಳಿ. ಕನ್ನಡದಲ್ಲಿ ಬರೆಯುವಾಗ ಸಂಭಾಷಣೆಯ ಪ್ರತಿ ಸಾಲಿಗೂ ಅದು ಬೇಕಾಗುತ್ತದೆ.